ಅವ್ವನ ಕಾಲು ಮತ್ತು ಟಾರ್ಚ್ ಸೆಲ್ಲಿನ ಕಪ್ಪು ಪುಡಿ

ಪ್ರತಿ ವರ್ಷ ಮೊದಲ ಪಿಯುಸಿ ಮಕ್ಕಳಿಗೆ ನಾನು ಒಂದು ಪ್ರಯೋಗ ಮಾಡಿ ತೋರಿಸುತ್ತೇನೆ. ಮಾಡಲೇಬೇಕು ಅಂತ ಯಾರೂ ಹೇಳಿಲ್ಲ. ನನಗೆ ಇಷ್ಟ, ಅದಕ್ಕೆ.

ಎರಡು ಟೆಸ್ಟ್ ಟ್ಯೂಬ್. ಎರಡಕ್ಕೂ ಮೆಡಿಕಲ್ ಶಾಪಿನಿಂದ ತಂದ ಹೈಡ್ರೋಜನ್ ಪೆರಾಕ್ಸೈಡ್, ಎರಡು ಬೆರಳಿನಷ್ಟು. ಒಂದಕ್ಕೆ ಹಸಿ ಆಲೂಗಡ್ಡೆಯ ಚೂರು ಹಾಕುತ್ತೇನೆ. ಇನ್ನೊಂದಕ್ಕೆ ಹಳೆ ಟಾರ್ಚ್ ಸೆಲ್ ಬಿಚ್ಚಿ ತೆಗೆದ ಕಪ್ಪು ಪುಡಿ, ಒಂದು ಚಿಟಿಕೆ. ಎರಡೂ ನೊರೆನೊರೆಯಾಗಿ ಉಕ್ಕಿ ಬರುತ್ತವೆ. ಊದಿನಕಡ್ಡಿಯ ಕೆಂಡವನ್ನು ಟ್ಯೂಬಿನ ಬಾಯಿಗೆ ಹಿಡಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ. ಹೊರಗೆ ಬರುತ್ತಿರುವುದು ಆಮ್ಲಜನಕ ಅಂತ ಆಗ ಹೇಳಬೇಕಾಗಿಯೇ ಇರುವುದಿಲ್ಲ. (ಟಾರ್ಚಿಗೆ ಹಾಕುವ ಹಳೇ ಕಾಲದ ಸಾದಾ ಸೆಲ್ ಮಾತ್ರ. ಮೊಬೈಲ್ ಬ್ಯಾಟರಿ, ಚಾರ್ಜ್ ಮಾಡುವ ಸೆಲ್ ಯಾವತ್ತೂ ಒಡೆಯಬೇಡಿ. ಬೆಂಕಿ ಹತ್ತುತ್ತದೆ.)

ಆಮೇಲೆ ಎರಡನೇ ಸುತ್ತು. ಆಲೂಗಡ್ಡೆಯನ್ನು ಚೆನ್ನಾಗಿ ಬೇಯಿಸಿ ಹಾಕುತ್ತೇನೆ. ಒಂದು ಗುಳ್ಳೆಯೂ ಇಲ್ಲ. ಕಪ್ಪು ಪುಡಿಯನ್ನು ಕುದಿಸಿ ಹಾಕುತ್ತೇನೆ. ಮೊದಲಿನ ಹಾಗೇ ಉಕ್ಕುತ್ತದೆ.

"ಆಲೂಗಡ್ಡೆಯಲ್ಲಿ ಇದ್ದದ್ದು ಕಿಣ್ವ, ಅಂದರೆ ಜೀವಿಗಳೊಳಗೆ ರಾಸಾಯನಿಕ ಕೆಲಸ ಬೇಗ ಆಗಿಸುವ ವಸ್ತು. ಕ್ಯಾಟಲೇಸ್ ಅಂತ ಹೆಸರು. ಅದು ಪ್ರೋಟೀನು, ಬೇಯಿಸಿದರೆ ಕೆಟ್ಟುಹೋಗುತ್ತದೆ. ಪುಡಿಯಲ್ಲಿ ಇರುವುದು ಮ್ಯಾಂಗನೀಸ್ ಡೈಆಕ್ಸೈಡ್, ಖನಿಜ. ಅದಕ್ಕೆ ಬಿಸಿಯ ಹೆದರಿಕೆ ಇಲ್ಲ." ಇಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. 18 ವರ್ಷ ಹೀಗೇ ಮಾಡಿದೆ. ಆ ಎರಡು ಟ್ಯೂಬಿಗೂ ಮುರಿದ ಮೂಳೆಗೂ ಸಂಬಂಧ ಇದೆ, ಇಂಥ ಪುಡಿಯಿಂದ ಮೂಳೆ ಕೂಡಿಸಬಹುದಾ ಅಂತ ವಿಜ್ಞಾನಿಗಳು ಹುಡುಕುತ್ತಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಅವ್ವ ಬಿದ್ದ ಮೇಲೆ.

ಅವ್ವನಿಗೆ ಈಗ 66. ಶುಗರ್ ಬಂದು 15 ವರ್ಷ ಆಯಿತು. ನಮ್ಮ ಊರು ಜಗಳೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಪ್ಪ ಹೋದ ಮೇಲೆ ಅವ್ವ ಚಿತ್ರದುರ್ಗದಲ್ಲಿ ನನ್ನ ಜೊತೆಗೇ ಇದ್ದಾಳೆ. ಆದರೆ ಈರುಳ್ಳಿ ಕೀಳುವ ಹೊತ್ತಿಗೆ ಊರಿಗೆ ಹೋಗದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಹಾಗೆ ಹೋದವಳು ಬಚ್ಚಲ ಮುಂದಿನ ಹಾಸುಗಲ್ಲಿನ ಮೇಲೆ ಜಾರಿ ಬಿದ್ದಳು. ಬಲಗಾಲು. ಮೊಣಕಾಲಿನಿಂದ ಕೆಳಗೆ, ಹಿಮ್ಮಡಿಗೆ ಒಂದು ಗೇಣು ಮೇಲೆ ಮೂಳೆ ಮುರಿದಿತ್ತು.

ಸೋದರಮಾವ ನನಗೆ ಫೋನ್ ಮಾಡುವ ಮೊದಲೇ ನಾಟಿ ಕಟ್ಟು ಹಾಕಿಸಿದ್ದ. ಬಿದಿರಿನ ದಬ್ಬೆ, ಮೊಟ್ಟೆಯ ಬಿಳಿ, ಯಾವುದೋ ಸೊಪ್ಪು, ಮೇಲೆ ಬಿಗಿಯಾಗಿ ಬಟ್ಟೆ. "ಸಣ್ಣ ಬಿರುಕು ಅಷ್ಟೇ, ಮೂರು ಕಟ್ಟಿಗೆ ಸರಿಹೋಗುತ್ತೆ" ಅಂದರಂತೆ. ನಾನು ಹೋಗುವಷ್ಟರಲ್ಲಿ 11 ದಿನ ಆಗಿತ್ತು. ಪಾದ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಕಟ್ಟಿದವರ ಮೇಲಲ್ಲ, ಆ 11 ದಿನ ನಾನು ಊರಿಗೆ ಹೋಗದೆ ಇದ್ದೆನಲ್ಲ, ಆ ಸಿಟ್ಟು.

ದಾವಣಗೆರೆಗೆ ಕರೆದುಕೊಂಡು ಹೋದೆವು. ಮೂಳೆಯ ಒಳಗೆ ಉದ್ದಕ್ಕೆ ರಾಡ್ ಹಾಕಿದರು. ಆಪರೇಷನ್ ಚೆನ್ನಾಗೇ ಆಯಿತು. ತೊಂದರೆ ಶುರುವಾಗಿದ್ದು ಆಮೇಲೆ.

ಎಕ್ಸ್‌ರೇ ನೋಡುವುದನ್ನು ಡಾಕ್ಟರೇ ನನಗೆ ಕಲಿಸಿದರು. ಫಿಲ್ಮನ್ನು ಕಿಟಕಿಗೆ ಹಿಡಿದು, "ಮೇಡಂ, ಮುರಿದ ಜಾಗದ ಸುತ್ತ ಬೆಳ್ಳಗೆ ಹತ್ತಿ ಅಂಟಿಸಿದ ಹಾಗೆ ಕಾಣಬೇಕು. ಅದೇ ಹೊಸ ಮೂಳೆ" ಅಂದರು. ಎರಡನೇ ತಿಂಗಳು ನೋಡಿದೆವು. ಹತ್ತಿ ಇಲ್ಲ. ನಾಲ್ಕನೇ ತಿಂಗಳು ಒಂದು ಕಡೆ ಮಾತ್ರ, ಉಗುರಿನ ತುದಿಯಷ್ಟು. ಏಳನೇ ತಿಂಗಳಲ್ಲೂ ಆ ಕಪ್ಪು ಗೆರೆ ಅಲ್ಲೇ ಇತ್ತು, ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ. ನಾನು ಮನೆಗೆ ಬಂದು ಮೂರು ಫಿಲ್ಮನ್ನೂ ಕಿಟಕಿಯ ಗಾಜಿಗೆ ಸಾಲಾಗಿ ಅಂಟಿಸಿ ಎಷ್ಟೋ ಹೊತ್ತು ನೋಡುತ್ತಾ ಕೂತೆ. ಅವ್ವ ಮಂಚದ ಮೇಲಿಂದಲೇ, "ಏನವ್ವಾ, ಕೂಡೈತಾ?" ಅಂದಳು. ಏನು ಹೇಳಲಿ?

"ಕಾಲಿನ ಈ ಭಾಗಕ್ಕೆ ಮೊದಲೇ ರಕ್ತದ ಓಡಾಟ ಕಡಿಮೆ. ಮೇಲೆ ಮಾಂಸ ಇಲ್ಲ, ಬರೀ ಚರ್ಮ. ಅದರ ಮೇಲೆ ಶುಗರ್. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಬೇರೆ" ಅಂದರು ಡಾಕ್ಟರ್. ಅವ್ವನ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಅವತ್ತು 9.6 ಇತ್ತು. ಹತ್ತನೇ ತಿಂಗಳಲ್ಲಿ ಮತ್ತೆ ಆಪರೇಷನ್. ಈ ಸಲ ಸೊಂಟದ ಮೂಳೆಯ ಅಂಚಿನಿಂದ ಚೂರು ಕೆತ್ತಿ ತೆಗೆದು ಮುರಿದ ಜಾಗಕ್ಕೆ ತುಂಬಿದರು. ಬೋನ್ ಗ್ರಾಫ್ಟ್ ಅನ್ನುತ್ತಾರೆ. ಅದಾಗಿ ನಾಲ್ಕು ತಿಂಗಳಿಗೆ ಹತ್ತಿ ಕಾಣಿಸಿತು. ಈಗ ಅವ್ವ ಕೋಲು ಹಿಡಿದು ನಡೆಯುತ್ತಾಳೆ. ಆದರೆ ಕಾಲು ನೋಯುವುದಿಲ್ಲ, ಮೂಳೆ ತೆಗೆದ ಸೊಂಟ ನೋಯುತ್ತದೆ. ಮಗ್ಗಲು ಬದಲಿಸುವಾಗೆಲ್ಲ "ಅಯ್ಯಪ್ಪಾ" ಅನ್ನುತ್ತಾಳೆ. ಗ್ರಾಫ್ಟ್ ಆದ ಎಷ್ಟೋ ಜನರಿಗೆ ಹೀಗೇ ಆಗುತ್ತದಂತೆ. ಒಂದು ಮೂಳೆ ಸರಿ ಮಾಡಲು ಇನ್ನೊಂದು ಮೂಳೆಗೆ ಗಾಯ ಮಾಡದೆ ಬೇರೆ ದಾರಿ ಇಲ್ಲವಾ? ಈ ಪ್ರಶ್ನೆ ತಲೆಗೆ ಹೊಕ್ಕಿದ್ದು ಆವಾಗ.

ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳಿಗೆ ಫೋನ್ ಮಾಡಿ, ಓದಲು ಏನಾದರೂ ಕಳಿಸು ಅಂದೆ. ಅವಳು ಕಳಿಸಿದ ಮೊದಲ ಲೇಖನ ತೆರೆದರೆ ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ಕ್ಯಾಟಲೇಸ್, ಮ್ಯಾಂಗನೀಸ್ ಡೈಆಕ್ಸೈಡ್! ನನ್ನ ಎರಡು ಟ್ಯೂಬ್. ಓದುತ್ತಾ ಮೈ ಜುಮ್ಮೆಂದಿತು.

ಮೊದಲು ಮೂಳೆ ಹೇಗೆ ಕೂಡುತ್ತದೆ ಅಂತ ಹೇಳುತ್ತೇನೆ. ಮುರಿದ ಕೂಡಲೇ ಅಲ್ಲಿ ರಕ್ತ ಸೇರಿ ಗಡ್ಡೆ ಕಟ್ಟುತ್ತದೆ. ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಸೋಂಕು ಕೊಲ್ಲಲು ಅವು ಒಂದು ಥರದ ಚುರುಕಾದ ಆಮ್ಲಜನಕವನ್ನು ಉಗುಳುತ್ತವೆ. ಸೂಪರ್ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಎಲ್ಲ ಈ ಗುಂಪಿನವು. ತರಗತಿಯಲ್ಲಿ ನಾನು ಇದಕ್ಕೆ 'ಕೆರಳಿದ ಆಮ್ಲಜನಕ' ಅನ್ನುತ್ತೇನೆ. ಮೊದಲ ಕೆಲವು ದಿನ ಇದು ಬೇಕು. ಆಮೇಲೆ ಶಾಂತವಾಗಬೇಕು. ಶಾಂತವಾದರೆ ಮೆತ್ತನೆ ಮೃದ್ವಸ್ಥಿ ಬೆಳೆದು, ಅದರೊಳಗೆ ಕ್ಯಾಲ್ಸಿಯಂ, ಫಾಸ್ಫೇಟ್ ಕೂತು ಗಟ್ಟಿಯಾಗುತ್ತದೆ. ಅಡುಗೆಗೆ ಒಲೆ ಉರಿಯಲೇಬೇಕು. ಅಡುಗೆ ಆದ ಮೇಲೂ ಉರಿಯುತ್ತಲೇ ಇದ್ದರೆ ತಳ ಹಿಡಿಯುತ್ತದೆ, ಅಲ್ವಾ?

ಉರಿ ಆರಿಸಲು ದೇಹದಲ್ಲೇ ವ್ಯವಸ್ಥೆ ಇದೆ. ಸೂಪರ್ಆಕ್ಸೈಡ್ ಡಿಸ್‌ಮ್ಯುಟೇಸ್ ಅನ್ನುವ ಕಿಣ್ವ ಸೂಪರ್ಆಕ್ಸೈಡನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಇದನ್ನು 1969ರಲ್ಲಿ ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಗುರುತಿಸಿದರು. ಆ ಪೆರಾಕ್ಸೈಡನ್ನು ಕ್ಯಾಟಲೇಸ್ ಹಿಡಿದು ನೀರು ಮತ್ತು ಆಮ್ಲಜನಕ ಮಾಡಿಬಿಡುತ್ತದೆ. ಒಂದೇ ಒಂದು ಕ್ಯಾಟಲೇಸ್ ಅಣು ಸೆಕೆಂಡಿಗೆ ದಶಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು. ಚಿಕ್ಕವರಿದ್ದಾಗ ಮಂಡಿ ತರಚಿದರೆ ಆಸ್ಪತ್ರೆಯಲ್ಲಿ ಔಷಧಿ ಸುರಿದು ಬಿಳಿ ನೊರೆ ಬರುತ್ತಿತ್ತಲ್ಲ, "ನೋಡು, ಕೀವು ಹೊರಗೆ ಬರ್ತೈತೆ" ಅನ್ನುತ್ತಿದ್ದರು. ಅದು ಕೀವಲ್ಲ. ನಮ್ಮದೇ ರಕ್ತದ ಕ್ಯಾಟಲೇಸ್ ಪೆರಾಕ್ಸೈಡನ್ನು ಒಡೆದಾಗ ಬಂದ ಆಮ್ಲಜನಕ.

ಶುಗರ್ ಇದ್ದವರಲ್ಲಿ ಈ ಒಲೆ ಬೇಗ ಆರುವುದಿಲ್ಲ. ರಕ್ತದ ಸಕ್ಕರೆ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತದೆ. ಹಿಮೋಗ್ಲೋಬಿನ್‌ಗೆ ಅಂಟಿದ್ದನ್ನು ಅಳೆದರೆ ಅದೇ ಎಚ್‌ಬಿಎ1ಸಿ. ಹಿಮೋಗ್ಲೋಬಿನ್‌ಗೆ ಅಂಟುವ ಸಕ್ಕರೆ ಮೂಳೆಯಲ್ಲಿ ನಾರಿನ ಹಾಗಿರುವ ಕೊಲಾಜನ್ ಅನ್ನುವ ಪ್ರೋಟೀನನ್ನು ಬಿಡುತ್ತದಾ? ಅಲ್ಲೂ ಅಂಟಿ, ಪಾಕ ಗಟ್ಟಿಯಾದ ಹಾಗೆ ಬಿಗಿಯಾಗಿಸುತ್ತದೆ. ಹಾಗೆ ಕೆಟ್ಟ ಪ್ರೋಟೀನು ಜೀವಕೋಶಗಳನ್ನು ಮತ್ತಷ್ಟು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಜಾಸ್ತಿಯಾದಷ್ಟೂ ಮೂಳೆ ಕಟ್ಟುವ ಕೋಶಗಳು ಸೊರಗುತ್ತವೆ, ಮೂಳೆ ಕರಗಿಸುವ ಕೋಶಗಳು ಚುರುಕಾಗುತ್ತವೆ. ಅವ್ವನ ಎಕ್ಸ್‌ರೇಯಲ್ಲಿ ಹತ್ತಿ ಕಾಣದೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಹೊರಗಿನಿಂದ ಕ್ಯಾಟಲೇಸ್ ಕೊಟ್ಟರೆ ಆಗದಾ? ಆಗಲೇ ಬೇಯಿಸಿದ ಆಲೂಗಡ್ಡೆ ನೋಡಿದಿರಲ್ಲ. ಕಿಣ್ವ ನಾಜೂಕು. ಬಿಸಿ ತಾಗಬಾರದು, ಹುಳಿ ತಾಗಬಾರದು, ಪ್ರೋಟೀನು ಅರಗಿಸುವ ಬೇರೆ ಕಿಣ್ವಗಳ ಕೈಗೆ ಸಿಗಬಾರದು. ವಾರಗಟ್ಟಲೆ ಗಾಯದೊಳಗೆ ಕೂತು ಕೆಲಸ ಮಾಡು ಅಂದರೆ ಅದರ ಕೈಲಿ ಆಗುವುದಿಲ್ಲ.

ಇಲ್ಲಿಗೆ ಬರುತ್ತದೆ ಕಪ್ಪು ಪುಡಿ. ಕಿಣ್ವದ ಕೆಲಸ ಮಾಡುವ, ಆದರೆ ಕಿಣ್ವವಲ್ಲದ ಸಣ್ಣ ಕಣಗಳಿಗೆ ನ್ಯಾನೋಝೈಮ್ ಅನ್ನುತ್ತಾರೆ. ಈ ಹೆಸರನ್ನು 2004ರಲ್ಲಿ ಇಟಲಿಯ ಪಾವೊಲೊ ಸ್ಕ್ರಿಮಿನ್ ಮತ್ತು ಜೊತೆಗಾರರು ಚಿನ್ನದ ಕಣಗಳ ಕೆಲಸಕ್ಕೆ ಇಟ್ಟರು. ಆದರೆ ದೊಡ್ಡ ತಿರುವು ಬಂದಿದ್ದು 2007ರಲ್ಲಿ. ಬೀಜಿಂಗ್‌ನ ಯಾನ್ ಶಿಯುನ್ ಅವರ ತಂಡ ಕಬ್ಬಿಣದ ಆಕ್ಸೈಡ್‌ನ, ಅಂದರೆ ಮ್ಯಾಗ್ನೆಟೈಟ್‌ನ ಸಣ್ಣ ಕಣಗಳು ತಾವೇ ಪೆರಾಕ್ಸಿಡೇಸ್ ಕಿಣ್ವದ (ಅದೂ ಪೆರಾಕ್ಸೈಡ್ ಒಡೆಯುವ ಗುಂಪಿನದು) ಹಾಗೆ ಕೆಲಸ ಮಾಡುತ್ತವೆ ಅಂತ ತೋರಿಸಿತು. ಅಲ್ಲಿಯವರೆಗೆ ಆ ಕಣಗಳನ್ನು ಎಲ್ಲರೂ ಜಡ ಅಂದುಕೊಂಡಿದ್ದರು. ಬೇರೆ ಕಿಣ್ವವನ್ನು ಹೊತ್ತೊಯ್ಯುವ ಎತ್ತಿನ ಗಾಡಿ ಅಷ್ಟೇ ಅಂತ. ನಮ್ಮ ಭೀಮಸಮುದ್ರದ ಕಡೆಯಿಂದ ಅದಿರಿನ ಲಾರಿ ಬರುವಾಗ ರಸ್ತೆ ಪಕ್ಕದ ಗಿಡವೆಲ್ಲ ಕೆಂಪಾಗುತ್ತದಲ್ಲ, ಅದೂ ಕಬ್ಬಿಣದ ಆಕ್ಸೈಡೇ, ಇನ್ನೊಂದು ರೂಪದ್ದು. ಅದರ ಅಣ್ಣತಮ್ಮ ಕಿಣ್ವದ ಕೆಲಸ ಮಾಡುತ್ತಾನೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಆದರೆ ಯೋಚಿಸಿದರೆ ಇದು ಅಷ್ಟು ವಿಚಿತ್ರ ಅಲ್ಲ. ಕ್ಯಾಟಲೇಸಿನ ಹೊಟ್ಟೆಯಲ್ಲಿ ಇರುವುದೂ ಕಬ್ಬಿಣವೇ. ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿರುವ ಸೂಪರ್ಆಕ್ಸೈಡ್ ಡಿಸ್‌ಮ್ಯುಟೇಸ್ ಮ್ಯಾಂಗನೀಸ್ ಇಟ್ಟುಕೊಂಡೇ ಕೆಲಸ ಮಾಡುವುದು. ಇಷ್ಟು ದೊಡ್ಡ ಪ್ರೋಟೀನಿನ ಮಡಿಕೆಯ ನಡುವೆ ಒಂದು ಲೋಹದ ಪರಮಾಣು ಕೂತು ಎಲೆಕ್ಟ್ರಾನ್ ತೆಗೆದುಕೊಳ್ಳುವುದು, ಕೊಡುವುದು ಮಾಡುತ್ತಿರುತ್ತದೆ. ಪ್ರೋಟೀನು ಅದಕ್ಕೆ ಮನೆ. ನ್ಯಾನೋಝೈಮ್‌ನಲ್ಲಿ ಮನೆ ಇಲ್ಲ, ಕೆಲಸಗಾರ ಮಾತ್ರ.

ಕಣ ಯಾಕೆ ಅಷ್ಟು ಸಣ್ಣದಿರಬೇಕು? ಕೆಲಸ ನಡೆಯುವುದು ಮೇಲ್ಮೈಯಲ್ಲಿ. ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ಒಂದು ತುಂಡು ತೆಗೆದುಕೊಳ್ಳಿ, ಬೆಲ್ಲದ ಚೂರಿನಷ್ಟು. ಅದರ ಆರು ಮುಖ ಸೇರಿಸಿದರೆ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್‌ನ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಅಂದರೆ ಐದು 30-40 ಸೈಟಿಗಿಂತ ಜಾಸ್ತಿ! ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದಾಗ ಮಕ್ಕಳು ಎರಡು ಸಲ ಸೊನ್ನೆ ಎಣಿಸಿದರು.

ಮೂಳೆಯ ಕೆಲಸಕ್ಕೆ ಎರಡು ಪುಡಿಗಳ ಮೇಲೆ ತುಂಬಾ ಪ್ರಯೋಗ ನಡೆದಿದೆ. ಒಂದು ಸೀರಿಯಂ ಅನ್ನುವ ಲೋಹದ ಆಕ್ಸೈಡ್. ಅದರ ಮೇಲ್ಮೈಯ ಸೀರಿಯಂ ಎರಡು ಸ್ಥಿತಿಯ ನಡುವೆ ಓಡಾಡುತ್ತಲೇ ಇರುತ್ತದೆ. ಒಮ್ಮೆ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಇನ್ನೊಮ್ಮೆ ವಾಪಸ್ ತೆಗೆದುಕೊಳ್ಳುತ್ತದೆ. ತಾನು ಖರ್ಚಾಗುವುದಿಲ್ಲ. ಅದು ಸೂಪರ್ಆಕ್ಸೈಡ್ ಡಿಸ್‌ಮ್ಯುಟೇಸ್ ಕೆಲಸ ಮಾಡುತ್ತದೆ ಅಂತ ಫ್ಲೋರಿಡಾದ ಸುದೀಪ್ತ ಸೀಲ್ ಮತ್ತು ಜೊತೆಗಾರರು 2007ರಲ್ಲೇ ತೋರಿಸಿದ್ದರು.

ಇನ್ನೊಂದು ನನ್ನ ಟ್ಯೂಬಿನ ಮ್ಯಾಂಗನೀಸ್ ಡೈಆಕ್ಸೈಡ್. ನನಗೆ ಇದರ ಮೇಲೇ ಪ್ರೀತಿ ಜಾಸ್ತಿ. ಕಾರಣ ಇದೆ. ಮುರಿದ ಮೂಳೆಯ ಒಳಗೆ ರಕ್ತನಾಳಗಳೂ ಹರಿದುಹೋಗಿರುತ್ತವೆ. ಅಲ್ಲಿ ಪೆರಾಕ್ಸೈಡ್ ಜಾಸ್ತಿ, ಉಸಿರಾಡಲು ಬೇಕಾದ ಆಮ್ಲಜನಕ ಕಡಿಮೆ. ಕಪ್ಪು ಪುಡಿ ಬೇಡದ್ದನ್ನು ತಿಂದು ಬೇಕಾದ್ದನ್ನು ಕೊಡುತ್ತದೆ. ಊದಿನಕಡ್ಡಿ ಹೊತ್ತಿಸಿದ ಅದೇ ಆಮ್ಲಜನಕ, ಮೂಳೆ ಕಟ್ಟುವ ಕೋಶಕ್ಕೆ! ಕೆಲಸ ಮಾಡುತ್ತಾ ಮಾಡುತ್ತಾ ಅದು ನಿಧಾನಕ್ಕೆ ಕರಗುತ್ತದೆ ಕೂಡ. ಇನ್ನು ನಮ್ಮ ಚಿತ್ರದುರ್ಗದ ಬೆಟ್ಟಸಾಲಿನಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಅದಿರೂ ಇದೆ. ಅದು ನಮ್ಮೂರಿನ ಕಲ್ಲು ಅನ್ನುವ ಅಭಿಮಾನವೂ ಸೇರಿರಬಹುದು.

ಈ ಕೆಲಸ ಎಲ್ಲೋ ದೂರದ ದೇಶದ್ದು ಮಾತ್ರ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಅವರ ತಂಡ ವೆನೇಡಿಯಂ ಆಕ್ಸೈಡ್‌ನ ತಂತಿಯಂಥ ಕಣಗಳು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅನ್ನುವ, ದೇಹದಲ್ಲಿ ಪೆರಾಕ್ಸೈಡ್ ಇಳಿಸುವ ಇನ್ನೊಂದು ಕಿಣ್ವದ ಕೆಲಸ ಮಾಡುತ್ತವೆ ಅಂತ 2014ರಲ್ಲಿ ಪ್ರಕಟಿಸಿತು. 2017ರಲ್ಲಿ ಹೂವಿನ ಆಕಾರದ ಮ್ಯಾಂಗನೀಸ್ ಆಕ್ಸೈಡ್ ಕಣಗಳು ಒಟ್ಟಿಗೇ ಮೂರು ಕಿಣ್ವಗಳ ಕೆಲಸ ಮಾಡಿ ಮನುಷ್ಯರ ಕೋಶಗಳನ್ನು ಕಾಪಾಡಿದ್ದನ್ನು ತೋರಿಸಿತು. ಅದು ಮೂಳೆಯ ಕೆಲಸವಲ್ಲ, ನರಕೋಶದ್ದು. ಆದರೆ ಬುಡ ಒಂದೇ. ಆ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ. ಈ ವರ್ಷ ಮಕ್ಕಳನ್ನು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಬೇಕು ಅಂತ ಆಸೆ.

ಪುಡಿಯನ್ನು ಹಾಗೇ ಗಾಯಕ್ಕೆ ಉದುರಿಸುವುದಿಲ್ಲ. ಜೆಲಾಟಿನ್ ಅಥವಾ ಕೊಲಾಜನ್ ಜೆಲ್‌ನಲ್ಲಿ, ಇಲ್ಲವೇ ಕ್ಯಾಲ್ಸಿಯಂ ಫಾಸ್ಫೇಟ್‌ನ ಸ್ಪಂಜಿನಂಥ ತುಂಡಿನಲ್ಲಿ ಕಲಸಿ ಕೂರಿಸುತ್ತಾರೆ. 1969ರಲ್ಲಿ ಲ್ಯಾರಿ ಹೆಂಚ್ ಮಾಡಿದ, ಮೂಳೆಗೆ ತಾನಾಗೇ ಅಂಟಿಕೊಳ್ಳುವ ಬಯೋಗ್ಲಾಸ್ ಅನ್ನುವ ಗಾಜಿನ ಜೊತೆಗೂ ಬೆರೆಸುತ್ತಾರೆ. ಆ ತುಂಡು ಮನೆ ಕಟ್ಟುವಾಗ ಹಾಕುವ ಸಾರ್ವೆ ಇದ್ದ ಹಾಗೆ. ಕೋಶಗಳು ಅದನ್ನು ಹಿಡಿದುಕೊಂಡು ಹತ್ತಿ ಮೂಳೆ ಕಟ್ಟುತ್ತವೆ. ಪುಡಿ ಅಲ್ಲೇ ಕೂತು ಉರಿ ಆರಿಸುತ್ತಿರುತ್ತದೆ. ಹೆಚ್ಚಾಗಿ ಇಲಿಗಳ ಮೇಲೆ ನೋಡುತ್ತಾರೆ. ತಲೆಬುರುಡೆಯಲ್ಲಿ 5 ಅಥವಾ 8 ಮಿಲಿಮೀಟರ್‌ನ ತೂತು ಮಾಡುತ್ತಾರೆ. ಅಷ್ಟು ದೊಡ್ಡ ತೂತು ಇಲಿಗೆ ತಾನಾಗೇ ಮುಚ್ಚುವುದಿಲ್ಲ. ಶುಗರ್ ಬರಿಸಿದ ಇಲಿಗಳಲ್ಲೂ ಮಾಡುತ್ತಾರೆ. ಕೆಲವು ವಾರ ಬಿಟ್ಟು ಸಣ್ಣ ಸಿಟಿ ಸ್ಕ್ಯಾನ್ ತೆಗೆದು ನೋಡುತ್ತಾರೆ. ಲೇಖನಗಳಲ್ಲಿ ಆ ಚಿತ್ರಗಳು ಜೋಡಿಯಾಗಿ ಇರುತ್ತವೆ. ಒಂದರಲ್ಲಿ ಕಪ್ಪು ತೂತು ಹಾಗೇ. ಪಕ್ಕದಲ್ಲಿ ಅಂಚಿನಿಂದ ಬೆಳ್ಳಗೆ ತುಂಬಿಕೊಂಡು ಬಂದಿದ್ದು. ಅವ್ವನ ಫಿಲ್ಮ್ ನೋಡಿ ಪಳಗಿದ ಕಣ್ಣು ನನ್ನದು. ಆ ಬಿಳಿ ನೋಡಿದ ತಕ್ಷಣ ಗಂಟಲು ಕಟ್ಟಿತು.

ಇನ್ನೊಂದು ಕಿಣ್ವದ ಬಗ್ಗೆ ಹೇಳಲೇಬೇಕು. ರಕ್ತ ಪರೀಕ್ಷೆಯ ಕಾಗದದಲ್ಲಿ ಎಎಲ್‌ಪಿ ಅಂತ ಒಂದು ಸಾಲು ಇರುತ್ತದೆ. ಲಿವರ್ ಟೆಸ್ಟ್ ಪಟ್ಟಿಯಲ್ಲಿ ಬರುವುದರಿಂದ ಎಲ್ಲರೂ ಅದು ಲಿವರಿನದು ಮಾತ್ರ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡು ಅವ್ವನ ಕಾಗದದಲ್ಲಿ ಜಾಸ್ತಿ ಬಂದಾಗ ಹೆದರಿದ್ದೆ. ಅದು ಆಲ್ಕಲೈನ್ ಫಾಸ್ಫಟೇಸ್. ಮೂಳೆ ಕಟ್ಟುವ ಕೋಶಗಳೂ ಅದನ್ನು ಮಾಡುತ್ತವೆ. ಲಂಡನ್ನಿನಲ್ಲಿ ರಾಬರ್ಟ್ ರಾಬಿಸನ್ 1923ರಲ್ಲಿ ಬೆಳೆಯುತ್ತಿರುವ ಇಲಿ, ಮೊಲಗಳ ಮೂಳೆಯಲ್ಲಿ ಇದು ಹೇರಳವಾಗಿರುವುದನ್ನು ಕಂಡು, ಮೂಳೆ ಗಟ್ಟಿಯಾಗಲು ಇದೇ ಫಾಸ್ಫೇಟ್ ಒದಗಿಸುತ್ತಿರಬೇಕು ಅಂದರು. ಪೈರೋಫಾಸ್ಫೇಟ್ ಅಂತ ಒಂದು ವಸ್ತು ಇದೆ. ಅದು ಇದ್ದಲ್ಲಿ ಖನಿಜ ಕೂರುವುದಿಲ್ಲ. ಈ ಕಿಣ್ವ ಅದನ್ನು ಒಡೆದು ದಾರಿ ಬಿಡಿಸುತ್ತದೆ.

ಹುಟ್ಟಿನಿಂದಲೇ ಈ ಕಿಣ್ವ ಸರಿ ಇಲ್ಲದ ಮಕ್ಕಳಿದ್ದಾರೆ. ಅವರ ಮೂಳೆ ಮೆತ್ತಗೆ, ಹಾಲುಹಲ್ಲು ಬೇಗ ಉದುರುತ್ತವೆ. ಅವರಿಗೆ 2015ರಲ್ಲಿ ಅಮೆರಿಕ, ಜಪಾನ್‌ಗಳಲ್ಲಿ ಅಸ್ಫೊಟೇಸ್ ಆಲ್ಫಾ ಅನ್ನುವ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದು ನಿಜವಾದ ಕಿಣ್ವವೇ, ಮೂಳೆಗೆ ಹೋಗಿ ಅಂಟಲಿ ಅಂತ ಒಂದು ಬಾಲ ಸೇರಿಸಿರುತ್ತಾರೆ. ವಾರಕ್ಕೆ ಮೂರು ಅಥವಾ ಆರು ಸಲ ಚುಚ್ಚಿಸಿಕೊಳ್ಳಬೇಕು. ವಿಪರೀತ ದುಬಾರಿ. ಆದರೆ ಮೂಳೆಗೆ ಕಿಣ್ವ ಮುಟ್ಟಿಸಿದರೆ ಮೂಳೆ ಗಟ್ಟಿಯಾಗುತ್ತದೆ ಅನ್ನುವುದು ಮನುಷ್ಯರಲ್ಲೇ ಸಾಬೀತಾದ ಮಾತು. ಸೀರಿಯಂ ಆಕ್ಸೈಡ್‌ಗೆ ಫಾಸ್ಫೇಟ್ ಬಿಡಿಸುವ ಈ ಗುಣವೂ ಇದೆ. ಕೆಡದ, ಅಗ್ಗದ ಪುಡಿಯೊಂದು ಈ ಕೆಲಸ ಮಾಡುವ ಹಾಗಾದರೆ ಎಷ್ಟು ಮನೆಗಳ ಭಾರ ಇಳಿಯುತ್ತದೆ ಅಂತ ಯೋಚಿಸುತ್ತೇನೆ.

ನಮ್ಮ ಕಡೆಗಂತೂ ಮೂಳೆಯ ಚಿಂತೆ ಹೊಸದಲ್ಲ. ಜಗಳೂರು ಭಾಗದ ಬೋರ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ನನ್ನ ಜೊತೆ ಓದಿದ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಗೆರೆ ಇತ್ತು. ಸೊಂಟ ನೆಟ್ಟಗಾಗದ ಅಜ್ಜಂದಿರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ವಯಸ್ಸಾಯಿತು ಅಂತ ನಾವು ಸುಮ್ನೆ ಇದ್ದುಬಿಟ್ಟಿದ್ದೆವು.

ಹಾಗಂತ ಆಸೆಯನ್ನಷ್ಟೇ ಬರೆದರೆ ತಪ್ಪಾಗುತ್ತದೆ. ಈ ವಸ್ತುಗಳು ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಚಿಕಿತ್ಸೆ ಅಲ್ಲ. ಹೆಚ್ಚಿನ ಕೆಲಸ ಕೋಶ, ಇಲಿ, ಮೊಲದ ಹಂತದಲ್ಲಿದೆ. ಇಲಿಯ ಬುರುಡೆಗೂ 60 ಕೆಜಿ ತೂಕ ಹೊರುವ ಅವ್ವನ ಕಾಲಿಗೂ ತುಂಬಾ ದೂರ. ಕಣಗಳು ಗಾಯದಿಂದ ತಪ್ಪಿಸಿಕೊಂಡರೆ ಲಿವರ್, ಗುಲ್ಮಗಳಲ್ಲಿ ಹೋಗಿ ಕೂರುತ್ತವೆ. ಸೀರಿಯಂ ಅಲ್ಲಿ ಬಹಳ ದಿನ ಉಳಿಯುತ್ತದೆ. ಇನ್ನೊಂದು ತೊಡಕು ರಸಾಯನಶಾಸ್ತ್ರದ್ದೇ. ಕಬ್ಬಿಣದ ಆಕ್ಸೈಡ್ ಕಣ ಹುಳಿ ಇಲ್ಲದ ಕಡೆ ಕ್ಯಾಟಲೇಸ್ ಹಾಗೆ ಪೆರಾಕ್ಸೈಡನ್ನು ತಣ್ಣಗೆ ಮಾಡುತ್ತದೆ. ಅದೇ ಕಣ ಹುಳಿ ಜಾಸ್ತಿ ಇರುವ ಕಡೆ ಪೆರಾಕ್ಸೈಡಿನಿಂದ ಇನ್ನೂ ಕೆಟ್ಟ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡಬಲ್ಲದು. ಉರಿ ಆರಿಸಲು ಬಂದದ್ದು ಎಣ್ಣೆ ಸುರಿದ ಹಾಗೆ. ಊದಿದ, ಸೋಂಕಾದ ಗಾಯ ಹುಳಿಯಾಗಿಯೇ ಇರುತ್ತದೆ. ಕೆರಳಿದ ಆಮ್ಲಜನಕವನ್ನು ಪೂರ್ತಿ ಅಳಿಸಿಹಾಕಿದರೂ ಕಷ್ಟ. ಸ್ವಲ್ಪ ಪೆರಾಕ್ಸೈಡ್ ಕೋಶಗಳ ನಡುವಿನ ಸುದ್ದಿಗೇ ಬೇಕು.

ನಾನು ಪ್ರೀತಿಸುವ ಮ್ಯಾಂಗನೀಸೂ ಸಾಧು ಅಲ್ಲ. ಸ್ಕಾಟ್‌ಲೆಂಡ್‌ನಲ್ಲಿ ಮ್ಯಾಂಗನೀಸ್ ಅದಿರು ಅರೆಯುತ್ತಿದ್ದ ಕೆಲಸಗಾರರ ಕಾಲು ಸೋಲುವುದನ್ನು, ಮಾತು ತೊದಲುವುದನ್ನು ಕೂಪರ್ ಅನ್ನುವ ವೈದ್ಯ 1837ರಲ್ಲೇ ಬರೆದಿದ್ದ. ಧೂಳು ವರ್ಷಗಟ್ಟಲೆ ಮೈ ಸೇರಿ ಮಿದುಳಿಗೆ ಏಟು ಬಿದ್ದಿತ್ತು. ಪ್ರಮಾಣ ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆದ್ದರಿಂದ 'ಮೂಳೆ ಕೂಡಿಸುವ ನ್ಯಾನೋ ಪುಡಿ' ಅಂತ ಯಾರಾದರೂ ಡಬ್ಬಿ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ಅವ್ವನಿಗೆ ಕೊನೆಗೆ ಸಹಾಯ ಆಗಿದ್ದು ಗ್ರಾಫ್ಟ್, ಇನ್ಸುಲಿನ್, ಮತ್ತೆ ಅವಳು ಹೊಗೆಸೊಪ್ಪು ಬಿಟ್ಟಿದ್ದು. ಎಲೆ ಅಡಿಕೆ ಚೀಲದಿಂದ ಅದನ್ನು ತೆಗೆದು ತಾನೇ ನನ್ನ ಕೈಗೆ ಕೊಟ್ಟಳು. 40 ವರ್ಷದ ಅಭ್ಯಾಸ. ಈಗ ಎಚ್‌ಬಿಎ1ಸಿ 7.2.

ಈ ವರ್ಷ ಎರಡು ಟ್ಯೂಬಿನ ಜೊತೆ ಅವ್ವನ ಎರಡು ಎಕ್ಸ್‌ರೇಯನ್ನೂ ಕಾಲೇಜಿಗೆ ತೆಗೆದುಕೊಂಡು ಹೋದೆ. ಏಳನೇ ತಿಂಗಳಿನದು, ಮತ್ತೆ ಗ್ರಾಫ್ಟ್ ಆದ ಮೇಲಿನದು. ಮಕ್ಕಳು ಕಿಟಕಿಗೆ ಹಿಡಿದು ಹಿಡಿದು ನೋಡಿದರು. ಹತ್ತಿ ಎಲ್ಲಿದೆ ಅಂತ ಅವರೇ ಬೆರಳಿಟ್ಟು ತೋರಿಸಿದರು. ಹೊಸದುರ್ಗದ ಕಡೆಯ ಒಬ್ಬ ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಎದ್ದು ನಿಂತು ಕೇಳಿದಳು. "ಮಿಸ್, ಇಲಿ ಮೂಳೆ ಕೂಡಿದ ಮೇಲೆ ಆ ಪುಡಿ ಎಲ್ಲಿಗೆ ಹೋಗುತ್ತೆ?"

ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲ ತಲೆ ಕೆಡಿಸಿಕೊಂಡಿರುವ ಪ್ರಶ್ನೆಯೇ ಅದು. ಕರಗಿದ ಮ್ಯಾಂಗನೀಸ್ ಲಿವರಿಗೆ ಹೋಗಿ ಪಿತ್ತದ ಜೊತೆ ಹೊರಗೆ ಬೀಳುತ್ತದೆ, ಸೀರಿಯಂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದಕ್ಕೇ ಇನ್ನೂ ಮನುಷ್ಯರಿಗೆ ಕೊಡುತ್ತಿಲ್ಲ ಅಂದೆ. ಅವಳು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದುಕೊಂಡಳು.

ಸಂಜೆ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ಕಾಲು ಚಾಚಿ ಕೂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು, "ಆ ಹುಡುಗಿ ಯಾರ ಮಗಳಂತೆ? ಒಂದಿನ ಮನೆಗೆ ಕರ್ಕೊಂಡು ಬಾರವ್ವಾ."